ಪಾರ್ಕಿನ ಬೆಂಚಿನ ಮೇಲೆ ಕೂತಿದ್ದವಳು

ನನ್ನ ಗಂಡನಿಗೆ ಇನ್ನೊಬ್ಬ ಹೆಂಗಸಿನ ಸಹವಾಸವಿರಲಿಲ್ಲ. ಬೆಂಗಳೂರಿನ ಪಾರ್ಕಿನಲ್ಲಿ, ಕಲ್ಲು ಬೆಂಚಿನ ಮೇಲೆ ಅವರ ಪಕ್ಕ ಕೂತಿದ್ದವಳು ಅವರ ಒಡಹುಟ್ಟಿದ ತಂಗಿ. ಫೋಟೋ ಕಣ್ಣಿಗೆ ಬಿದ್ದ ಕೂಡಲೇ ನನಗದು ಗೊತ್ತಾಯಿತು. ಮಗ, ಸೊಸೆ, ಮೊಮ್ಮಗಳು ಮೂವರೂ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದರು. ನಾನು — ಗೊತ್ತಿಲ್ಲ ಅಂದೆ.

ನಡೆದದ್ದು ಇಷ್ಟು. ಊರಿನವರು ಆಮೇಲೆ ಇದಕ್ಕೆ ಬಾಲ ಕಟ್ಟಿದರು, ಕೊಂಬು ಕಟ್ಟಿದರು. ಕಟ್ಟುವುದಕ್ಕೆ ಹಗ್ಗ ಕೊಟ್ಟವಳು ನಾನು.

ನಾನು ಹೆಚ್ಚು ಓದಿದವಳಲ್ಲ. ನಾಲ್ಕನೇ ಕ್ಲಾಸಿಗೇ ಬಿಡಿಸಿ ದನ ಕಾಯುವುದಕ್ಕೆ ಹಾಕಿದರು. ನಾನು ಬರೆದದ್ದರಲ್ಲಿ ಒತ್ತು, ದೀರ್ಘ ಎಲ್ಲ ಮೊಮ್ಮಗಳು ಚೈತ್ರ ಸರಿ ಮಾಡಿದ್ದಾಳೆ. ನಡುವೆ ಒಂದು ಕಡೆ, "ಅಜ್ಜಿ, ಇದನ್ನ ಸ್ವಲ್ಪ ಮೆತ್ತಗೆ ಬರೀಲಾ?" ಅಂದಳು. ಬೇಡ, ಇದ್ದ ಹಾಗೇ ಇರಲಿ ಅಂದೆ.

ನಮ್ಮದು ತೂಬಗೆರೆ ಹತ್ತಿರದ ಊರು. ನಮ್ಮ ಯಜಮಾನರಿಗೆ ಒಬ್ಬಳೇ ತಂಗಿ, ಜಯಮ್ಮ. ಅವಳನ್ನು ಹೊಸಕೋಟೆ ಆಚೆ ಜಡಿಗೇನಹಳ್ಳಿ ಕಡೆಗೆ ಕೊಟ್ಟಿತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಅವಳ ತಲೆಯ ಹೇನು ತೆಗೆದವಳು ನಾನು, ದೊಡ್ಡವಳಾದಾಗ ಹಸೆಗೆ ಕೂರಿಸಿದವಳು ನಾನು, ಗಂಡನ ಮನೆಗೆ ಕಳಿಸುವ ದಿನ ಮಡಿಲು ತುಂಬಿದವಳೂ ನಾನೇ. ನನಗೆ ಹೆಣ್ಣುಮಕ್ಕಳಿಲ್ಲ. ಅವಳೇ ಹೆಣ್ಣುಮಗಳು ಅಂದುಕೊಂಡಿದ್ದೆ. ಅದಕ್ಕೇ ಇರಬೇಕು — ಅವಳು ಪಾಲು ಕೇಳಿದಾಗ ನನಗೆ ಅಷ್ಟು ಉರಿ ಬಿದ್ದದ್ದು.

ರಸ್ತೆ ಬದಿಯ ಜಮೀನನ್ನು ಲೇಔಟಿನವರಿಗೆ ಕೊಡುವ ಮಾತು ಬಂದಿತ್ತು. ಅವಳ ಸಹಿ ಬೇಕಾಯಿತು. ಬಂದು ಸಹಿ ಹಾಕಿ, ಊಟ ಮಾಡಿಕೊಂಡು ಹೋಗು ಅಂತ ಕರೆಸಿದೆವು. ಕೋಳಿ ಸಾರು ಮಾಡಿದ್ದೆ. ಊಟವೆಲ್ಲ ಆದಮೇಲೆ ಅವಳು ಕೈ ತೊಳೆದುಕೊಂಡು ಬಂದು, ಸೆರಗಿನಲ್ಲಿ ಒರೆಸಿಕೊಳ್ಳುತ್ತಾ, "ನಂಗೂ ಒಂದು ಪಾಲು ಬರ್ಬೇಕಲ್ವಾ ಅತ್ತಿಗೆ?" ಅಂದಳು. ಅಣ್ಣನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

"ಬರ್ಬೇಕು, ತಗೋ. ತಗೊಂಡ್ಮೇಲೆ ಈ ಹೊಸಲು ತುಳೀಬೇಡ. ಯಾವ್ದು ಬೇಕೋ ಯೋಚ್ನೆ ಮಾಡು" ಅಂದೆ.

ಅವಳು ಪಾಲು ತೆಗೆದುಕೊಂಡಳು. ಕಾನೂನಿನ ಪ್ರಕಾರ ಅವಳದ್ದೇ ಅದು. ಈಗ ಹೇಳುತ್ತಿದ್ದೇನೆ ಈ ಮಾತು. ಆಗ ಯಾರಾದರೂ ಹಾಗೆ ಅಂದಿದ್ದರೆ ಅವರನ್ನೂ ಮನೆಗೆ ಸೇರಿಸುತ್ತಿರಲಿಲ್ಲ.

ಆ ವರ್ಷ ಗೌರಿ ಹಬ್ಬ ಬಂತು. ನಮ್ಮ ಕಡೆ ಗೌರಿಗೆ ತವರಿನಿಂದ ಬಾಗಿನ ಹೋಗಲೇಬೇಕು. ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ರವಿಕೆ ಕಣ, ಬೇಳೆ ಬೆಲ್ಲ, ತೆಂಗಿನಕಾಯಿ ಇಟ್ಟು ಅಣ್ಣನೋ ತಮ್ಮನೋ ತಲುಪಿಸಿ ಬರುತ್ತಾರೆ. ಬಾಗಿನ ಬರಲಿಲ್ಲ ಅಂದರೆ ಅಕ್ಕಪಕ್ಕದ ಹೆಂಗಸರು ಬಾಯಲ್ಲೇನೂ ಕೇಳುವುದಿಲ್ಲ, ಬಳೆ ನೋಡುತ್ತಾರೆ, ಸುಮ್ಮನಾಗುತ್ತಾರೆ. ಹೊಸ ಬಳೆ ಇಲ್ಲದವಳಿಗೆ ತವರು ಇಲ್ಲ ಅಂತ ಲೆಕ್ಕ. ಯಜಮಾನರು ಹೊಸ ಮೊರ ತಂದು ಹಜಾರದಲ್ಲಿ ಇಟ್ಟುಕೊಂಡು ಕೂತಿದ್ದರು. ಚೈತ್ರ ಆಗ ಕೂಸು, ಅವರ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನಾನು ಹೋಗಿ ಎದುರಿಗೆ ನಿಂತೆ.

"ಈ ಕೂಸಿನ ತಲೆ ಮೇಲೆ ಕೈ ಇಡಿ. ತಂಗಿ ಮುಖ ನೋಡಲ್ಲ, ಬಾಗಿನ ಕೊಡಲ್ಲ ಅಂತ ಹೇಳಿ" ಅಂದೆ.

ಮಗ ನಾಗರಾಜನೂ ಸೊಸೆ ಪ್ರೇಮಳೂ ಅಲ್ಲೇ ಇದ್ದರು. ಯಾರೂ ಬೇಡ ಅನ್ನಲಿಲ್ಲ. ಜಯಮ್ಮನ ಮೇಲೆ ಅವರಿಗೂ ಸಿಟ್ಟಿತ್ತು. ಯಜಮಾನರು ನನ್ನನ್ನು ನೋಡಿದರು. ಬಗ್ಗಿ ಕೂಸನ್ನು ನೋಡಿದರು. ಕೈ ಇಟ್ಟರು. ಹೇಳಿದರು. ಮೊರವನ್ನು ನಾನು ಅಟ್ಟಕ್ಕೆ ಹಾಕಿದೆ.

ಚೈತ್ರಳಿಗೆ ಈ ಆಣೆಯ ವಿಷಯ ಯಾರೂ ಹೇಳಲಿಲ್ಲ. ಇಂಥದ್ದನ್ನೆಲ್ಲ ಯಾರು ತಾನೇ ಮಕ್ಕಳಿಗೆ ಹೇಳುತ್ತಾರೆ.

ವರ್ಷಗಳು ಹೋದವು. ಚೈತ್ರ ದೊಡ್ಡಬಳ್ಳಾಪುರದಲ್ಲಿ ಕಾಲೇಜು ಸೇರಿದಳು. ಅಲ್ಲಿ ಹವ್ಯಾಸಕ್ಕೆ ಫೋಟೋ ತೆಗೆಯುವವರದ್ದೊಂದು ಕ್ಲಬ್ಬು — ಕಾಲೇಜಿನ ಹುಡುಗ ಹುಡುಗಿಯರು, ಒಬ್ಬರು ಬ್ಯಾಂಕಿನವರು, ಒಬ್ಬಳು ಮಗ್ಗದ ಮನೆ ಹುಡುಗಿ, ಇವರಿಗೆಲ್ಲ ಗುರುವಾಗಿ ರಿಟೈರಾದ ಡ್ರಾಯಿಂಗ್ ಮೇಷ್ಟರು. ನಾಗರಾಜ ಮಗಳಿಗೆ ಕ್ಯಾಮೆರಾ ತೆಗೆಸಿಕೊಟ್ಟ. ಭಾನುವಾರ ಬಂದರೆ ಎಲ್ಲರೂ ಕೂಡಿ ಕೆರೆ, ಬೆಟ್ಟ, ಸಂತೆ ಅಂತ ಹೊರಟುಬಿಡುವರು. ಹಕ್ಕಿ ತೆಗೆಯುವರು, ಹೂವು ತೆಗೆಯುವರು, ಸುಕ್ಕುಬಿದ್ದ ಮುಖ ಕಂಡರಂತೂ ಬಿಡುತ್ತಲೇ ಇರಲಿಲ್ಲ.

"ಮನೇಲೇ ಒಂದು ಮುದುಕಿ ಐತೆ. ಬಸ್ ಚಾರ್ಜ್ ಹಾಕ್ಕೊಂಡು ಇನ್ಯಾವ್ದೋ ಊರಿನ ಮುದುಕೀನ ತೆಗಿಯೋಕೆ ಹೋಗ್ತೀಯಲ್ಲೇ" ಅನ್ನುತ್ತಿದ್ದೆ.

"ನೀನು ನಗಲ್ಲ ಅಜ್ಜಿ, ಕ್ಯಾಮೆರಾನೇ ಹೆದರ್ಕೊಳ್ಳತ್ತೆ" ಅನ್ನುವಳು.

ಆ ಭಾನುವಾರ ಕ್ಲಬ್ಬಿನವರು ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋದರು. ಮೇಷ್ಟರು ಎಲ್ಲರಿಗೂ ಒಂದೇ ವಿಷಯ ಕೊಟ್ಟಿದ್ದರಂತೆ — 'ಇಬ್ಬರು'. ಯಾರಾದರೂ ಸರಿ, ಏನಾದರೂ ಸರಿ, ಎರಡು ಜೀವ ಒಂದು ಫೋಟೋದಲ್ಲಿ ಬರಬೇಕು. ಇವಳು ಬೆಳಗಿನಿಂದ ಎರಡು ನಾಯಿಗಳ ಹಿಂದೆ ಅಲೆದಳಂತೆ. ಒಂದು ಕೂತರೆ ಇನ್ನೊಂದು ಏಳುವುದು. ವಿನಯ ಅಂತ ಇನ್ನೊಬ್ಬ ಹುಡುಗ ಬಿದಿರು ಮೆಳೆಯ ಕಡೆ ಹೋದನಂತೆ.

ಅದು ಗೌರಿ ಹಬ್ಬಕ್ಕೆ ಮುಂಚಿನ ಭಾನುವಾರ. ಮನೆಯಲ್ಲಿ ಯಜಮಾನರೂ ಬೇಗ ಎದ್ದು ಸ್ನಾನ ಮಾಡಿ ಹೊರಟಿದ್ದರು. ಯಲಹಂಕದಲ್ಲಿ ಅವರ ಹಳೆಯ ಸ್ನೇಹಿತನೊಬ್ಬ ಲಕ್ವ ಹೊಡೆದು ಮಲಗಿದ್ದಾನೆ, ನೋಡಿಕೊಂಡು ಬರುತ್ತೇನೆ ಅಂತ ವರ್ಷಕ್ಕೊಂದು ಸಲ ಹೋಗಿಬರುತ್ತಿದ್ದರು. ಪಾಪ ಅಂತ ನಾನೇ ಪ್ರತಿ ಸಲ ಕಜ್ಜಾಯ ಕರಿದು ಸ್ಟೀಲ್ ಡಬ್ಬಿಗೆ ಹಾಕಿ ಕೊಡುತ್ತಿದ್ದೆ.

"ಮಲಗಿರೋ ಮನುಷ್ಯ ಕಜ್ಜಾಯ ತಿಂತಾನಾ?" ಅಂತ ಒಂದು ಸಲ ಕೇಳಿದ್ದೆ.

"ಬಾಯಿಗೇನಾಗೈತೆ, ಚೆನ್ನಾಗೇ ತಿಂತಾನೆ" ಅಂದಿದ್ದರು. ನಗದೆ ಅಂದಿದ್ದರು.

ಸಾಯಂಕಾಲ ಚೈತ್ರ ಬಂದು ಕಾಲು ಚಾಚಿ ಕೂತಳು. ಎಲ್ಲರೂ ತೆಗೆದ ಫೋಟೋಗಳು ಕ್ಲಬ್ಬಿನ ವಾಟ್ಸಾಪಿಗೆ ಬರುತ್ತಿದ್ದವು. ಒಂದೊಂದನ್ನೇ ನನಗೆ ತೋರಿಸಿದಳು — ಎರಡು ಅಳಿಲು, ಎರಡು ಚಪ್ಪಲಿ, ಅವ್ವನೊಬ್ಬಳ ಬೆನ್ನಿಗೆ ಜೋತುಬಿದ್ದ ಕೂಸು. "ಇದು ನೋಡು, ಮೇಷ್ಟ್ರು ಇದಕ್ಕೇ ಫಸ್ಟು ಅಂದಿದ್ದಾರೆ. ವಿನಯಂದು. 'ಇಳಿವಯಸ್ಸಿನ ಒಲವು' ಅಂತ ಹೆಸರಿಟ್ಟಿದ್ದಾನೆ" ಅಂದಳು. ಬೆರಳಿನಲ್ಲಿ ದೊಡ್ಡದು ಮಾಡಿದಳು. ಆಮೇಲೆ ಅವಳೇ, "ಅಯ್ಯೋ... ಇದು ತಾತ" ಅಂದಳು. ನಗುತ್ತಲೇ ಅಂದಳು. ತಮಾಷೆ ಸಿಕ್ಕಿತು ಅಂದುಕೊಂಡಳು, ಪಾಪ.

ಫೋಟೋದಲ್ಲಿ ಯಜಮಾನರು ಬೆಂಚಿನ ಮೇಲೆ ಕೂತು ನಗುತ್ತಿದ್ದರು. ಹಲ್ಲು ಬಿದ್ದ ಜಾಗವೆಲ್ಲ ಕಾಣುವ ಹಾಗೆ — ಮನೆಯಲ್ಲಿ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಕೈಯಲ್ಲಿ ಮಲ್ಲಿಗೆ ಹೂವಿನ ದಂಡೆ. ಪಕ್ಕದಲ್ಲಿ ಒಬ್ಬ ಹೆಂಗಸು. ಅವಳ ಮುಖ ಕಾಣುತ್ತಿರಲಿಲ್ಲ. ಬೆನ್ನು, ತುರುಬು, ಹೂವು ಇಸಿದುಕೊಳ್ಳುವುದಕ್ಕೆ ಚಾಚಿದ ಕೈ ಇಷ್ಟೇ. ಇಬ್ಬರ ನಡುವೆ ಬಾಯಿ ತೆರೆದ ನನ್ನ ಸ್ಟೀಲ್ ಡಬ್ಬಿ.

ಆ ಸೀರೆ ನನಗೆ ಗೊತ್ತಿತ್ತು. ಚೈತ್ರಳ ನಾಮಕರಣಕ್ಕೆ ಅಂತ ದೊಡ್ಡಬಳ್ಳಾಪುರದ ಮಗ್ಗದವರ ಮನೆಗೇ ಹೋಗಿ, ಒಂದೇ ಹಾಸಿನಲ್ಲಿ ನೇಯ್ದ ಎರಡು ಸೀರೆ ತಂದಿದ್ದೆ, ಗಿಣಿ ಹಸಿರು ಒಡಲು, ಬದನೆ ಬಣ್ಣದ ಅಂಚು. ಒಂದು ನನಗೆ, ಒಂದು ಜಯಮ್ಮನಿಗೆ. ನನ್ನದು ಉಟ್ಟು ಉಟ್ಟು ಹರಿದು ಕೌದಿಗೆ ಹೋಗಿತ್ತು. ಅವಳದು ಮಡಿಕೆ ಕೂಡ ಮುರಿದಿರಲಿಲ್ಲ. ಅಣ್ಣನನ್ನು ನೋಡುವ ದಿನಕ್ಕೆ ಅಂತಲೇ ಎತ್ತಿಟ್ಟಿದ್ದಳು.

ಎಲ್ಲ ಒಂದೇ ಸಲ ತಿಳಿಯಿತು. ಯಲಹಂಕ ಇಲ್ಲ, ಸ್ನೇಹಿತ ಇಲ್ಲ, ಲಕ್ವ ಇಲ್ಲ. ದೇವನಹಳ್ಳಿಯಲ್ಲಿ ಕೂತರೂ ಹೊಸಕೋಟೆಯಲ್ಲಿ ಕೂತರೂ ನೆಂಟರ ಕಣ್ಣಿಗೆ ಬೀಳುತ್ತೇವೆ ಅಂತ, ಯಾರಿಗೆ ಯಾರೂ ಗೊತ್ತಿಲ್ಲದ ಆ ಪಾರ್ಕಿಗೆ ಇವರು ಈ ಕಡೆಯಿಂದ, ಅವಳು ಆ ಕಡೆಯಿಂದ ಹೋಗಿ — ಇಷ್ಟು ವರ್ಷ — ನಾನು ಕರಿದ ಕಜ್ಜಾಯ ತಿಂದುಕೊಂಡು —

ನನಗೆ ಮೋಸವಾಗಿತ್ತು. ಅದನ್ನು ಚಿಕ್ಕದು ಮಾಡಿ ಹೇಳುವುದಿಲ್ಲ. ಕೂಸಿನ ತಲೆ ಮುಟ್ಟಿ ಹೇಳಿದ ಮಾತನ್ನು ನನ್ನ ಗಂಡ ಆ ವರ್ಷವೇ ಮುರಿದಿದ್ದರು, ಮುರಿದು ಬಂದು ನಾನು ಬಡಿಸಿದ್ದನ್ನು ಉಂಡಿದ್ದರು. ಒಲೆಯ ಮುಂದೆ ಕೂತು ಬೆವರು ಸುರಿಸಿ ಕಜ್ಜಾಯ ತಟ್ಟಿದ ಪೆದ್ದಿ ನಾನು. ಅಣ್ಣ ತಂಗಿ ಸೇರಿ ನನ್ನನ್ನು ಹೊರಗೆ ನಿಲ್ಲಿಸಿದ್ದರು. ನಾನೇ ಅವಳನ್ನು ಹೊರಗೆ ಹಾಕಿದ್ದೆ ಅನ್ನುವುದು ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ.

ಪ್ರೇಮ ಮಗಳ ಕೈಯಿಂದ ಫೋನು ಕಿತ್ತುಕೊಂಡು ನೋಡಿದಳು. ನಾಗರಾಜನಿಗೆ ತೋರಿಸಿದಳು. ಅವರು ಜಯಮ್ಮನನ್ನು ನೋಡಿ ಬಹಳ ಕಾಲವಾಗಿತ್ತು. ಬೆನ್ನು ನೋಡಿ ಗುರುತು ಹಿಡಿಯುವಂತಿರಲಿಲ್ಲ.

"ಯಾರತ್ತೆ ಇದು?" ಅಂದಳು ಪ್ರೇಮ.

ಇದು ಜಯಮ್ಮ ಅಂತ ಅಂದುಬಿಟ್ಟಿದ್ದರೆ ಎರಡು ದಿನ ಜಗಳವಾಗುತ್ತಿತ್ತು. ಮೂರನೆಯ ದಿನ ಯಾರಾದರೊಬ್ಬರು, ಹೋಗ್ಲಿ ಬಿಡಿ, ಒಡಹುಟ್ಟಿದವಳು ತಾನೇ, ಅಂದೇ ಅನ್ನುತ್ತಿದ್ದರು. ಯಜಮಾನರು ಒಳ್ಳೆಯ ಅಣ್ಣನಾಗುತ್ತಿದ್ದರು. ನಾನು ಏನಾಗುತ್ತಿದ್ದೆ? ಇದೆಲ್ಲ ಯೋಚನೆ ಮಾಡಿ ಆಡಿದೆನೋ ಹಾಗೇ ಬಾಯಿಗೆ ಬಂತೋ — ಯೋಚನೆ ಮಾಡಿಯೇ ಆಡಿದೆ. ಅಷ್ಟು ಹೊತ್ತು ಇತ್ತು.

"ಯಾರೋ ಏನೋ, ನಂಗೊತ್ತಿಲ್ಲ. ಅವರ್ನೇ ಕೇಳಿ" ಅಂದೆ.

ಯಜಮಾನರು ಹೊರಗೆ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ಒಳಗೆ ಬಂದರು. ನಾಗರಾಜ ಫೋನನ್ನು ಅವರ ಮುಖದ ಮುಂದೆ ಹಿಡಿದ.

"ಯಲಹಂಕದಲ್ಲಿ ನಿಮ್ ಫ್ರೆಂಡು ಹೆಂಗವ್ರೆ ಅಪ್ಪ?"

ಅವರು ಫೋಟೋ ನೋಡಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಸೀರೆಯನ್ನು ಆರಿಸಿದವಳು ನಾನು ಅಂತ ಅವರಿಗೆ ಗೊತ್ತು. ಗೊತ್ತಾಗಿದೆ ಅಂತಲೂ ಗೊತ್ತು. ನಾನು ಹೇಳುತ್ತೇನೆ ಅಂತ ಕಾದರು. ನಾನು ಸೆರಗು ಸರಿಮಾಡಿಕೊಂಡೆ.

"ಯಾರಪ್ಪ ಅದು?"

"ಗೊತ್ತಿರೋರು."

"ಗೊತ್ತಿರೋರಿಗೆ ಹೂವ ಮುಡಿಸ್ತಾರಾ? ಈ ವಯಸ್ನಲ್ಲಿ?"

ಅವರು ಮಾತಾಡುವಂತಿರಲಿಲ್ಲ. ಅದರ ಹಿಂದಿನ ವರ್ಷ ಚೈತ್ರಳಿಗೆ ಡೆಂಗ್ಯೂ ಜ್ವರ ಬಂದು ಪ್ಲೇಟ್‌ಲೆಟ್ಟು ಇಳಿದು, ಹುಡುಗಿ ಉಳಿಯುವುದೇ ಕಷ್ಟ ಅಂದಿದ್ದರು. ಅದು ತಂಗಿ ಅಂತ ಬಾಯಿ ಬಿಟ್ಟರೆ, ನನ್ನ ಮಗಳ ತಲೆ ಮೇಲಿನ ಆಣೆ ಮುರಿದು ಅವಳನ್ನು ಸಾವಿನ ಬಾಯಿಗೆ ನೂಕಿದವರು ನೀವೇ ಅಂತ ಪ್ರೇಮ ಅನ್ನುತ್ತಿದ್ದಳು. ಅವಳಲ್ಲದಿದ್ದರೆ ನಾನೇ ಅನ್ನುತ್ತಿದ್ದೆ. ಅದೂ ಆ ಹುಡುಗಿಯ ಎದುರಿಗೆ. ಅದಕ್ಕಿಂತ ಮುದಿ ವಯಸ್ಸಿನಲ್ಲಿ ಹೆಣ್ಣಿನ ಹುಚ್ಚು ಹಿಡಿದವನು ಅನ್ನಿಸಿಕೊಳ್ಳುವುದೇ ವಾಸಿ ಅಂತ ಅವರು ತೀರ್ಮಾನ ಮಾಡಿದರು. ನನ್ನ ಕಣ್ಣೆದುರಿಗೇ ಮಾಡಿದರು. ನಾನು ನೋಡುತ್ತಾ ನಿಂತಿದ್ದೆ.

ನಾಗರಾಜ ಅವರ ಫೋನು ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ. ಅಲ್ಲಿಗೆ ಆ ತಂಗಿಗೆ ಒಂದು ಮಾತು ತಿಳಿಸುವ ದಾರಿಯೂ ಹೋಯಿತು.

ಆಮೇಲಿನದು ಏನು ಹೇಳಲಿ. ಪ್ರೇಮ ಮಾವನಿಗೆ ಎದುರು ನಿಂತು ಬಡಿಸುವುದನ್ನು ಬಿಟ್ಟಳು. ತಟ್ಟೆ ಇಟ್ಟು ಒಳಗೆ ಹೋಗಿಬಿಡುವಳು. ಮಾತು ಊರಿಗೆ ಹೇಗೆ ಹೋಯಿತೋ — ನಮ್ಮ ಮನೆಯಿಂದಲೇ ಹೋಗಿರಬೇಕು. ಟೀ ಅಂಗಡಿಯಲ್ಲಿ ಅವರ ಓರಗೆಯವರು, "ಏನ್ ಗೌಡ್ರೆ, ಪಾರ್ಕ್ ಕಡೆ ಹೋಗಲ್ವಾ ಈ ವಾರ? ನಮ್ಗೂ ಒಂದು ಬೆಂಚ್ ತೋರ್ಸಿ" ಅನ್ನುವರು. ಪೋಲಿ ಹುಡುಗರ ಬಾಯಲ್ಲಿ ಅವರು 'ಪಾರ್ಕ್ ಗೌಡ್ರು' ಆದರು. ಅವರು ಟೀ ಕುಡಿಯುವುದನ್ನೇ ಬಿಟ್ಟರು.

ಚೈತ್ರ ಆ ಫೋಟೋ ತೆಗೆದುಹಾಕು ಅಂತ ವಿನಯನಿಗೆ ಗೋಗರೆದಳಂತೆ. ಯಾಕೆ ಅಂತ ಹೇಳುವ ಹಾಗಿಲ್ಲ, ತೆಗಿ ಅಂತ ಬಿಡುವ ಹಾಗೂ ಇಲ್ಲ. ಕೊನೆಗೆ ಅವನೇ ಒಂದು ಮಾತು ಒಪ್ಪಿಕೊಂಡನಂತೆ. ಪಾರ್ಕಿನಲ್ಲಿ ಆ ಹೆಂಗಸು ಕೈ ತೊಳೆಯಲು ನಲ್ಲಿಯ ಕಡೆ ಹೋಗಿದ್ದಾಗ ಅವನು ಯಜಮಾನರಿಗೆ ಫೋಟೋ ತೋರಿಸಿದ್ದನಂತೆ. "ಚೆನ್ನಾಗೈತೆ ಕಣಪ್ಪ. ಆದ್ರೆ ಯಾರ್ಗೂ ತೋರಿಸ್ಬೇಡ" ಅಂದರಂತೆ ಇವರು. "ಆಯ್ತು ತಾತ" ಅಂದನಂತೆ. ಅಂದು, ಸಾಯಂಕಾಲ ಎಲ್ಲರಿಗೂ ಕಳಿಸಿದ. ಮೊಮ್ಮಗಳು ಕ್ಲಬ್ಬು ಬಿಟ್ಟಳು. ಕ್ಯಾಮೆರಾವನ್ನು ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟಳು. ಹುಟ್ಟಿದ ಹಬ್ಬಕ್ಕೆ ತಾತನ ಕಾಲಿಗೆ ಬಿದ್ದರೆ, ಅವರು ತಲೆ ಮುಟ್ಟಿ ಹರಸುವುದನ್ನು ಬಿಟ್ಟು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಫೋಟೋ ತೋರಿಸಿದ ಸಿಟ್ಟು ತಾತನಿಗೆ ಇನ್ನೂ ಹೋಗಿಲ್ಲ ಅಂದುಕೊಂಡು ಹುಡುಗಿ ಬಚ್ಚಲಿಗೆ ಹೋಗಿ ಅತ್ತಳು. ಯಾಕೆ ಮುಟ್ಟಲಿಲ್ಲ ಅಂತ ನನಗೆ ಗೊತ್ತಿತ್ತು. ಆಗಲೂ ಬಾಯಿ ಬಿಡಲಿಲ್ಲ.

ಅವರು ನನ್ನನ್ನು ಕೇಳಿದ್ದು ಒಂದೇ ಒಂದು ಸಲ. ಅವರೆಕಾಯಿ ಕಾಲ. ಇಬ್ಬರೇ ಜಗಲಿಯ ಮೇಲೆ ಕೂತು ಕಾಯಿ ಬಿಡಿಸುತ್ತಿದ್ದೆವು. ತಲೆ ಬಗ್ಗಿಸಿಕೊಂಡೇ ಕೇಳಿದರು:

"ನಿಂಗೆ ಸೀರೆ ಗುರ್ತು ಸಿಗ್ಲಿಲ್ವಾ?"

"ಯಾವ ಸೀರೆ?" ಅಂದೆ.

ಅವರು ಇನ್ನೊಂದು ಕಾಯಿ ತೆಗೆದುಕೊಂಡು ಬಿಡಿಸಿದರು.

ಎರಡು ಗೌರಿ ಹಬ್ಬ ಹೋದವು. ಅವರು ಯಲಹಂಕದ ಹೆಸರೆತ್ತಲಿಲ್ಲ. ಎರಡನೆಯ ಹಬ್ಬವಾದ ಸ್ವಲ್ಪ ದಿನಕ್ಕೆ, ಹೊಲದಿಂದ ಬಂದು ನೀರು ಕೇಳಿ, ನಾನು ತರುವಷ್ಟರಲ್ಲಿ ಹೋಗಿಬಿಟ್ಟರು. ಮಣ್ಣಿಗೆ ಜಯಮ್ಮ ಬಂದಳು. ನಾನು ತಡೆಯಲಿಲ್ಲ. ಗೋಡೆಯ ಪಕ್ಕ ನಿಂತು ಅತ್ತು ಹೋದಳು. ನೆರೆದ ಗಂಡಸರಲ್ಲಿ ಇಬ್ಬರು ಆ 'ಪಾರ್ಕಿನೋಳು' ಬಂದಿದ್ದಾಳಾ ಅಂತ 'ಹೊಸ' ಮುಖಗಳನ್ನು ಹುಡುಕುತ್ತಿದ್ದರು. ನಾನು ಆ ಹುಡುಕಾಟವನ್ನೂ ನೋಡಿದೆ, ಅವಳನ್ನೂ ನೋಡಿದೆ.

ಇಷ್ಟಾದರೂ ನಾನು ಬರೆಯುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು. ನನಗೆ ತಾನಾಗಿ ಬುದ್ಧಿ ಬರಲಿಲ್ಲ.

ಈಚೆಗೆ ನೆಂಟರದೊಂದು ಮದುವೆ, ಹೊಸಕೋಟೆಯ ಛತ್ರದಲ್ಲಿ. ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಗೆ ಯಾರೋ ಬಂದು ಕೂತರು. ತಿರುಗಿ ನೋಡಿದರೆ ಜಯಮ್ಮ. ಕೂದಲೆಲ್ಲ ಬೆಳ್ಳಗಾಗಿತ್ತು. ಎದ್ದು ಹೋಗೋಣ ಅಂದರೆ ಎಲೆಗೆ ಉಪ್ಪು ಬಡಿಸಿಯಾಗಿತ್ತು.

"ಅತ್ತಿಗೆ, ಎದ್ದೋಗ್ಬೇಡ. ನಿಂಗೊಂದು ಮಾತು ಹೇಳ್ಬೇಕು. ಬೈಯಂಗಿದ್ರೆ ಬೈದ್ಬಿಡು" ಅಂದಳು.

ಅವಳು ಎಲೆಯನ್ನೇ ನೋಡುತ್ತಾ ಹೇಳಿದಳು. "ನೀನು ಬೇಡ ಅಂದ್ಮೇಲೂ ಅಣ್ಣ ನಂಗೆ ಬಾಗಿನ ಕೊಡ್ತಿದ್ದ. ವರ್ಷಾ ವರ್ಷಾನೂ. ಬೆಂಗಳೂರಲ್ಲಿ, ಪಾರ್ಕಲ್ಲಿ. ಮೊರ ತಂದ್ರೆ ನಿಂಗೆ ಗೊತ್ತಾಗುತ್ತೆ ಅಂತ ಬಟ್ಟೆ ಚೀಲದಲ್ಲಿ ತರೋನು. ನಿನ್ ಕಣ್ತಪ್ಪಿಸಿ ತಗೊಂಡೆ. ತಪ್ಪಾಯ್ತು ಅತ್ತಿಗೆ."

ಅವಳು ನನಗೆ ತಪ್ಪಾಯಿತು ಅಂದಳು. ನನಗೆ.

ಅವಳೇ ಮುಂದುವರಿಸಿದಳು. "ಆಮೇಲೆ ಬರೋದೇ ಬಿಟ್ಬಿಟ್ಟ. ಫೋನೂ ಇಲ್ಲ. ಆ ವರ್ಷನೂ ಹೋಗಿ ಕೂತೆ, ಅದರ್ ಮುಂದಿನ್ ವರ್ಷನೂ ಹೋಗಿ ಕೂತೆ. ಪಾರ್ಕಿನ ವಾಚ್‌ಮನ್ನು, ಯಾಕಮ್ಮ ಯಾರೂ ಬರ್ಲಿಲ್ವಾ ಅಂದ. ಆಮೇಲಲ್ವಾ ಗೊತ್ತಾಗಿದ್ದು, ನಮ್ಮಣ್ಣಂಗೆ ಬೆಂಗಳೂರಲ್ಲಿ ಯಾರೋ ಒಬ್ಳು ಇದ್ಳು ಅಂತ. ಅವಳು ಸಿಕ್ಕಿದ್ಮೇಲೆ ತಂಗಿ ಯಾಕೆ ಬೇಕು? ನಿಂಗೂ ಮೋಸ ಮಾಡ್ದ, ನಂಗೂ ಮೋಸ ಮಾಡ್ದ. ನಾವಿಬ್ರೂ ಒಂದೇ ಕಣತ್ತಿಗೆ."

ಅಂದು ನನ್ನ ಎಡಗೈ ಹಿಡಿದುಕೊಂಡಳು.

ನಮ್ಮ ಊರಿನಿಂದ ಅವಳ ಊರಿಗೆ ಹೋಗುವಷ್ಟರಲ್ಲಿ ಆ ಮಾತಿನಿಂದ ಪಾರ್ಕು ಉದುರಿತ್ತು, ಫೋಟೋ ಉದುರಿತ್ತು, ಕಜ್ಜಾಯ ಉದುರಿತ್ತು. ಉಳಿದದ್ದು ಒಬ್ಬ ಹೆಂಗಸು ಮಾತ್ರ. ಆ ಹೆಂಗಸು ಯಾರು ಅಂತ ಗೊತ್ತಿಲ್ಲದೆ ಇವಳು — ತನ್ನನ್ನು ತಾನೇ ಶಪಿಸಿಕೊಂಡು ಇಷ್ಟು ವರ್ಷ —

ಹೇಳಬಹುದಿತ್ತು. ಅಲ್ಲೇ, ಆ ಎಲೆಯ ಮುಂದೆ. ಪಾಯಸದವನು ಬಂದ. ಹಾಕಿಸಿಕೊಂಡೆ. "ಆಯ್ತು ಬಿಡು ಜಯ, ಹೋದೋರ ಮಾತು ಯಾಕೆ" ಅಂದೆ. ಅವಳ ಪಕ್ಕ ಕೂತು ಪಾಯಸ ಉಂಡೆ. ಯಜಮಾನರಿಗೆ ನಾನು ಮಾಡಿದ ಎಲ್ಲದಕ್ಕಿಂತ ಅದು ಕೀಳು ಅಂತ ನನಗೆ ಅನ್ನಿಸುತ್ತದೆ. ಫೋಟೋ ನೋಡಿದ ಸಾಯಂಕಾಲ ಸಿಟ್ಟಾದರೂ ಇತ್ತು. ಛತ್ರದಲ್ಲಿ ಏನಿತ್ತು? ಏನೂ ಇರಲಿಲ್ಲ. ಸುಮ್ಮನೆ ಉಂಡೆ.

ಮಾರನೆಯ ಬೆಳಿಗ್ಗೆ ಕಾಫಿಗೆ ಎಲ್ಲರೂ ಕೂತಿದ್ದಾಗ ಹೇಳಿದೆ. ಪೀಠಿಕೆ ಹಾಕಲಿಲ್ಲ. ಆ ಫೋಟೋದಲ್ಲಿದ್ದವಳು ಜಯಮ್ಮ, ನನಗೆ ಅವತ್ತೇ ಗೊತ್ತಿತ್ತು, ಹೇಳಲಿಲ್ಲ ಅಂದೆ.

"ಯಾಕಮ್ಮ?" ಅಂದ ನಾಗರಾಜ.

"ಹೇಳ್ಬಾರ್ದು ಅಂತ."

ಅವನು ಲೋಟ ಕೆಳಗಿಟ್ಟ. ಅವತ್ತು ಅಪ್ಪನ ಮುಖಕ್ಕೆ ಫೋನು ಹಿಡಿದ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಪ್ರೇಮ ಒಲೆ ಆರಿಸಿ, ಅತ್ತ ತಿರುಗಿ ನಿಂತವಳು ಈ ಕಡೆ ತಿರುಗಲೇ ಇಲ್ಲ. ಆಣೆಯ ವಿಷಯವನ್ನೂ ಚೈತ್ರಳಿಗೆ ಹೇಳಿದೆ. ಅವಳು ಕೈಯೆತ್ತಿ ತನ್ನ ನೆತ್ತಿಯನ್ನು ಮುಟ್ಟಿಕೊಂಡಳು.

"ಅದಕ್ಕೇನಾ ತಾತ ನನ್ನ ತಲೆ ಮುಟ್ತಿರ್ಲಿಲ್ಲ?"

"ಹೂಂ."

"ನನ್ ಮೇಲೆ ಸಿಟ್ಟಿರ್ಲಿಲ್ವಾ?"

"ಇರ್ಲಿಲ್ಲ. ಯಾವತ್ತೂ ಇರ್ಲಿಲ್ಲ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಗರಾಜ ಕಾರು ತೆಗೆಯುತ್ತೇನೆ ಅಂದ. ಬೇಡ ಅಂದೆ. ಬಸ್ಸಿನಲ್ಲಿ ಒಬ್ಬಳೇ ಹೊರಟೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಎಲ್ಲಿಯೂ ಇಳಿದು ಏನೂ ಕುಡಿಯಲಿಲ್ಲ. ಅಲ್ಲಿಂದ ಜಡಿಗೇನಹಳ್ಳಿ ಕಡೆಯ ಬಸ್ಸು.

ಜಯಮ್ಮ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದ ರಭಸಕ್ಕೆ ಮಡಿಲಿನ ಹಣ್ಣೆಲ್ಲ ಚೆಲ್ಲಿತು. "ಅತ್ತಿಗೆ! ಬಂದ್ಬಿಟ್ಯಾ? ನೆನ್ನೆ ಮಾತಾಡಿದ್ದೇ ಮಾತಾಡಿದ್ದು, ಬಂದೇಬಿಟ್ಯಲ್ಲ" ಅಂತ ಒಳಗೆ ಓಡಿ ಚೊಂಬಿನಲ್ಲಿ ನೀರು ತಂದಳು.

"ನೀರು ಆಮೇಲೆ. ಮೊದ್ಲು ಕೇಳು. ಕೇಳಿದ್ಮೇಲೆ ಕೊಡೋದು ಬಿಡೋದು ನಿನ್ನಿಷ್ಟ" ಅಂದೆ. ಕೂರಲಿಲ್ಲ. ನಿಂತೇ ಹೇಳಿದೆ. ಫೋಟೋ, ಸೀರೆ, ಗೊತ್ತಿಲ್ಲ ಅಂದದ್ದು, ಫೋನು ಇಸಿದುಕೊಂಡದ್ದು, ಊರೆಲ್ಲ ಆಡಿಕೊಂಡದ್ದು. "ಬೇರೆ ಯಾವ ಹೆಂಗಸೂ ಇರ್ಲಿಲ್ಲ ಜಯ. ಅದು ನೀನೇ. ನಿಮ್ಮಣ್ಣ ನಿಂಗೆ ಮೋಸ ಮಾಡ್ಲಿಲ್ಲ" ಅಂದೆ.

ಅವಳು ಚೊಂಬು ಹಿಡಿದುಕೊಂಡೇ ನಿಂತಿದ್ದಳು.

"ಅಣ್ಣ ಅವತ್ತು ನಿನ್ನ ಮುಖ ನೋಡಿದ್ನಾ?"

"ನೋಡಿದ್ರು."

"ಆಗ್ಲೂ ಹೇಳ್ಲಿಲ್ಲ ನೀನು."

"ಇಲ್ಲ."

ಅವಳು ಚೊಂಬಿನ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದಳು. ಖಾಲಿ ಚೊಂಬನ್ನು ಜಗಲಿಯ ಮೇಲೆ ಬೋರಲು ಹಾಕಿ ಒಳಗೆ ಹೋದಳು. ನಾನು ಬಿಸಿಲಿನಲ್ಲಿ ಬಸ್ ಸ್ಟಾಪಿನವರೆಗೆ ನಡೆದು ಬಂದೆ. ಗಂಟಲು ಒಣಗಿತ್ತು. ದಾರಿಯಲ್ಲಿ ಯಾರ ಮನೆಯಲ್ಲೂ ನೀರು ಕೇಳಲಿಲ್ಲ.